ನನ್ನ ಗಾಡಿಗೆ ಯಾವ ಆಯಿಲ್ ಬೆಸ್ಟ್?

ವಾರಕ್ಕೊಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ. ಹೋದ ಭಾನುವಾರ ಕೇಳಿದ್ದು ಮೇಲಿನ ಮನೆಯ ಹುಡುಗ. ಕೆಟಿಎಂ 390 ಡ್ಯೂಕ್ ಬೈಕ್ ತಗೊಂಡು ವರ್ಷವಾಗಿದೆ. "ಅಂಕಲ್, ಇದಕ್ಕೆ ಬೆಸ್ಟ್ ಆಯಿಲ್ ಯಾವುದು ಹೇಳಿ. ದುಡ್ಡು ಎಷ್ಟಾದ್ರೂ ಪರವಾಗಿಲ್ಲ." ಅದರ ಹಿಂದಿನ ವಾರ ಕಲಬುರಗಿಯಿಂದ ಭಾವ ಫೋನ್ ಮಾಡಿದ್ದರು. ಅವರದು ಫೋಕ್ಸ್‌ವ್ಯಾಗನ್ ಕಾರು, ಪೋಲೊ ಜಿಟಿ ಟಿಎಸ್‌ಐ. "ನಮ್ಮ ಕಡೆ ಬಿಸಿಲು ಜಾಸ್ತಿ. ಇನ್ನೂ ಸ್ವಲ್ಪ ಮಂದ ಆಯಿಲ್ ಹಾಕಿಸಿದ್ರೆ ಎಂಜಿನ್‌ಗೆ ಒಳ್ಳೇದಲ್ವಾ?" ಎಂದು ಕೇಳಿದರು.

ಇಬ್ಬರ ಪ್ರಶ್ನೆಯ ಹಿಂದೆಯೂ ಒಂದೇ ನಂಬಿಕೆ ಇದೆ. ಪವರ್ ಜಾಸ್ತಿ ಇರುವ ಗಾಡಿಗೆ ಮಂದವಾದ, ದುಬಾರಿಯಾದ ಆಯಿಲ್ ಬೇಕು ಎನ್ನುವುದು. ಆಗ ನಾನು ಎರಡು ಗಾಡಿಗಳ ಉದಾಹರಣೆ ಕೊಡುತ್ತೇನೆ. ನಿಸಾನ್ ಜಿಟಿ-ಆರ್ ಕಾರಿಗೆ ಎರಡು ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ), 500 ಎಚ್‌ಪಿಗೂ ಮೇಲೆ ಶಕ್ತಿ. ಅದಕ್ಕೆ ಕಂಪನಿ ಹೇಳುವ ಆಯಿಲ್ 0ಡಬ್ಲ್ಯೂ-40. ನಮ್ಮ ರಸ್ತೆಯಲ್ಲಿ ಗುಡುಗುಟ್ಟುತ್ತಾ ಹೋಗುವ ಹಳೆಯ ಕ್ಲಾಸಿಕ್ 350 ಬುಲೆಟ್ಟಿಗೆ 20 ಎಚ್‌ಪಿ ಆಸುಪಾಸು. ಅದಕ್ಕೆ 15ಡಬ್ಲ್ಯೂ-50. ಅಂದರೆ ಶಕ್ತಿ ಕಮ್ಮಿ ಇರುವ ಗಾಡಿಗೇ ಹೆಚ್ಚು ಮಂದ ಆಯಿಲ್!

ಕಾರಣ ಸರಳ. ಜಿಟಿ-ಆರ್‌ನಲ್ಲಿ ಆಯಿಲ್ ತಣಿಸಲು ಬೇರೆ ಕೂಲರ್ ಇದೆ, ಗೇರ್‌ಬಾಕ್ಸಿಗೆ ಅದರದೇ ಬೇರೆ ಆಯಿಲ್ ಇದೆ. ಬುಲೆಟ್ಟಿನಲ್ಲಿ ಒಂದೇ ದೊಡ್ಡ ಸಿಲಿಂಡರ್, ಗಾಳಿಯಿಂದಲೇ ತಣಿಯಬೇಕು. ಎಂಜಿನ್, ಕ್ಲಚ್, ಗೇರ್ ಮೂರೂ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ಎಂಜಿನ್ ಹೇಗೆ ಕಟ್ಟಿದ್ದಾರೆ, ಅದು ದಿನಾ ಎಂಥ ಕೆಲಸ ಮಾಡುತ್ತದೆ, ಅದರ ಮೇಲೆ ಆಯಿಲ್ ನಿರ್ಧಾರವಾಗುತ್ತದೆ. ಬ್ರ್ಯಾಂಡಿನ ಮಾತು ಕಡೆಗೆ.

ಮೊದಲು ಆ ನಂಬರುಗಳ ವಿಷಯ. 10ಡಬ್ಲ್ಯೂ-40 ಎಂದರೆ "ತಣ್ಣಗಿದ್ದಾಗ ತೆಳು, ಬಿಸಿಯಾದಾಗ ಮಂದ" ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಬಿಸಿಯಾದರೆ ಯಾವ ಎಣ್ಣೆಯಾದರೂ ತೆಳುವಾಗುತ್ತದೆ. ಅಡುಗೆಮನೆಯ ಬಾಣಲೆಯಲ್ಲಿ ದಿನಾ ನೋಡುವುದೇ ಅಲ್ವಾ? ಡಬ್ಲ್ಯೂ ಎಂದರೆ ವಿಂಟರ್. ಅದರ ಹಿಂದಿನ ನಂಬರು ಚಳಿಯಲ್ಲಿ ಎಂಜಿನ್ ಎಷ್ಟು ಸಲೀಸಾಗಿ ತಿರುಗುತ್ತದೆ ಎಂಬುದಕ್ಕೆ. 5ಡಬ್ಲ್ಯೂ ಆಯಿಲನ್ನು ಪರೀಕ್ಷಿಸುವುದು ಮೈನಸ್ 30 ಡಿಗ್ರಿಯಲ್ಲಿ, 15ಡಬ್ಲ್ಯೂ ಆಯಿಲನ್ನು ಮೈನಸ್ 20ರಲ್ಲಿ. ಕರ್ನಾಟಕದಲ್ಲಿ ಆ ಚಳಿ ಎಲ್ಲಿ ಬರಬೇಕು? ಲಡಾಖಿಗೆ ಹೋಗುವವರು ಮಾತ್ರ ಅದರ ಬಗ್ಗೆ ಯೋಚಿಸಬೇಕು.

ಕೊನೆಯ ನಂಬರು ನಮಗೆ ಮುಖ್ಯ. ಅದು 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ಮಂದವಾಗಿ ಉಳಿದಿದೆ ಎಂಬುದರ ಅಳತೆ. 12.5ರಿಂದ 16.3 ಸೆಂಟಿಸ್ಟೋಕ್ (ಮಂದತನ ಅಳೆಯುವ ಮಾನ) ಒಳಗಿದ್ದರೆ 40. ಅದರಿಂದ ಮೇಲೆ 21.9ರವರೆಗೆ 50. ಜೊತೆಗೆ 150 ಡಿಗ್ರಿಯಲ್ಲಿ, ಬೇರಿಂಗಿನ ಸಂದಿಯಲ್ಲಿ ಅರೆದಂತೆ ಅರೆದು ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಜೋರಾಗಿ ಓಡುವ ಎಂಜಿನ್‌ಗೆ ಆ ಎರಡನೆಯ ಪರೀಕ್ಷೆಯೇ ನಿಜವಾದ ಪರೀಕ್ಷೆ. ಯುರೋಪಿನ ಕಾರು ಕಂಪನಿಗಳ ಒಕ್ಕೂಟವಾದ ಎಸಿಇಎ ಕೊಟ್ಟ ಎ3/ಬಿ4 ಎಂಬ ಗುರುತು ಇರುವ ಆಯಿಲ್ ಅದರಲ್ಲಿ ಕಡೇಪಕ್ಷ 3.5 ಅಂಕ ದಾಟಿರುತ್ತದೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇದು ಬರೆದಿರುತ್ತದೆ. ಮುಂದಿನ ಬಣ್ಣದ ಚಿತ್ರ ಬಿಟ್ಟು ಅದನ್ನು ಓದಿ.

ಬಿಸಿಯಲ್ಲೂ ಲೋಹಕ್ಕೆ ಅಂಟಿಕೊಳ್ಳುವ ಗುಣ ನಮಗೆ ಗೊತ್ತಿರುವ ಹರಳೆಣ್ಣೆಗೇ ಇದೆ. ಹಿಂದಿನ ರೇಸ್ ಗಾಡಿಗಳು, ವಿಮಾನಗಳು ಹರಳೆಣ್ಣೆ ಹಾಕಿಕೊಂಡೇ ಓಡುತ್ತಿದ್ದವು. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ, 1909ರಲ್ಲಿ. ಆದರೆ ಅದು ಬೇಗ ಜಿಗುಟುಗಟ್ಟುತ್ತದೆ. ಇವತ್ತು ರೇಸಿಂಗ್ ಆಯಿಲ್‌ಗಳಲ್ಲಿ "ಎಸ್ಟರ್" ಎಂದು ಬರೆದಿರುತ್ತಾರಲ್ಲ, ಹರಳೆಣ್ಣೆಯೂ ಅದೇ ಜಾತಿಯ ವಸ್ತು. ಈಗಿನದು ಕಾರ್ಖಾನೆಯಲ್ಲಿ ಮಾಡಿದ್ದು, ಅಷ್ಟು ಬೇಗ ಜಿಗುಟಾಗುವುದಿಲ್ಲ.

ಈಗ ಭಾವನ ಪ್ರಶ್ನೆ. ಹೊರಗೆ ಕಲಬುರಗಿಯ 42 ಡಿಗ್ರಿ ಇರಲಿ, ಮಡಿಕೇರಿಯ 15 ಇರಲಿ, ನೀರಿನಿಂದ ತಣಿಯುವ ಎಂಜಿನ್ ಒಮ್ಮೆ ಬಿಸಿಯಾದ ಮೇಲೆ ಆಯಿಲ್ ಹೆಚ್ಚುಕಮ್ಮಿ 90ರಿಂದ 110 ಡಿಗ್ರಿಯಲ್ಲೇ ಇರುತ್ತದೆ. ಎಂಜಿನ್ ನೀರಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಇರುವುದೇ ಅದಕ್ಕೆ. ಅವರ ಕಾರಿಗೆ ಬೇಕಾದದ್ದು 5ಡಬ್ಲ್ಯೂ-40, ಡಬ್ಬಿಯ ಮೇಲೆ ವಿಡಬ್ಲ್ಯೂ 502 00 ಎಂಬ ಅಪ್ರೂವಲ್. ಬಿಎಂಡಬ್ಲ್ಯೂಗೆ ಎಲ್‌ಎಲ್-01, ಮರ್ಸಿಡಿಸ್‌ಗೆ 229.5, ಪೋರ್ಷೆಗೆ ಎ40, ಹೀಗೆ ಒಬ್ಬೊಬ್ಬರದು ಒಂದೊಂದು. ಎಂಜಿನ್ ಬದಲಾದಂತೆ ಇವೂ ಬದಲಾಗುತ್ತವೆ, ಹಾಗಾಗಿ ನಿಮ್ಮದೇ ಮ್ಯಾನ್ಯುಯಲ್ ನೋಡಿ. "ಅಪ್ರೂವ್ಡ್" ಎಂದು ಬರೆದಿದ್ದರೆ ಕಾರು ಕಂಪನಿ ತಾನೇ ಪರೀಕ್ಷೆ ನೋಡಿ ಒಪ್ಪಿದೆ ಎಂದರ್ಥ. "ಇಂಥ ಕಾರಿಗೆ ಸೂಕ್ತ" ಎಂದಷ್ಟೇ ಇದ್ದರೆ ಅದು ಆಯಿಲ್ ಕಂಪನಿಯ ಮಾತು. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಭಾವನ ಕಾರಿನ ಹಾಗೆ ಟರ್ಬೊ ಇರುವವರು ಇದನ್ನು ಸುಮ್ನೆ ತೆಗೆದುಕೊಳ್ಳಬಾರದು. ಟರ್ಬೊ ಒಳಗಿನ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಅದರ ಬೇರಿಂಗನ್ನು ತೇಲಿಸಿ ಹಿಡಿಯುವುದೂ ತಣಿಸುವುದೂ ಆಯಿಲೇ. ಬೇಡದಷ್ಟು ಮಂದ ಆಯಿಲ್ ಹಾಕಿದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಅಲ್ಲಿಗೆ ತಲುಪುವುದೇ ತಡ. ಇನ್ನೊಂದು ತೊಂದರೆಯೂ ಇದೆ. ಈಗಿನ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಆರ್‌ಪಿಎಂ ಕಮ್ಮಿ ಇರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ, ಸ್ಪಾರ್ಕ್ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ ಒಡೆಯಬಹುದು. ಆಯಿಲಿಗೆ ಸೇರಿಸುವ ಕ್ಯಾಲ್ಸಿಯಂ ಅಂಶಕ್ಕೂ ಇದಕ್ಕೂ ಸಂಬಂಧ ಇದೆ ಎಂದು ಗೊತ್ತಾದ ಮೇಲೆ ಆಯಿಲ್‌ಗಳ ಮಿಶ್ರಣವೇ ಬದಲಾಯಿತು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ 2020ರಲ್ಲಿ ತಂದ ಎಸ್‌ಪಿ ಗುರುತಿಗೆ, ಆಯಿಲ್ ಈ ತೊಂದರೆ ತಡೆಯುತ್ತದೆಯಾ ಎಂಬ ಪರೀಕ್ಷೆಯೂ ಸೇರಿದೆ. ಹೊಸ ಟರ್ಬೊ ಕಾರಾದರೆ ಮ್ಯಾನ್ಯುಯಲ್ ಹೇಳಿದ ಅಪ್ರೂವಲ್ ಜೊತೆ ಎಸ್‌ಪಿ ಕೂಡ ಇದೆಯಾ ನೋಡಿ.

ಬೈಕಿನ ಕಥೆಯೇ ಬೇರೆ. ಇದನ್ನು ನಾನು ಪಾಠ ಕಲಿತು ಹೇಳುತ್ತಿದ್ದೇನೆ.

ಹತ್ತು ವರ್ಷದ ಹಿಂದೆ ನನ್ನ ಹತ್ತಿರ 200 ಸಿಸಿಯ ಬೈಕ್ ಇತ್ತು. ಅದಕ್ಕೆ ಒಳ್ಳೇದೇ ಹಾಕಬೇಕು ಎಂಬ ಆಸೆಯಿಂದ ಕಾರಿಗೆ ಬಳಸುವ ದುಬಾರಿ 5ಡಬ್ಲ್ಯೂ-30 ಫುಲ್ ಸಿಂಥೆಟಿಕ್ ಆಯಿಲ್ ತಂದೆ. ಗ್ಯಾರೇಜಿನವರು ನೋಡಿ, ಏನೂ ಹೇಳದೆ ಹಾಕಿಕೊಟ್ಟರು. ಊರೊಳಗೆ ಗಾಡಿ ಬೆಣ್ಣೆಯ ಹಾಗೆ ಓಡಿತು. ಮುಂದಿನ ವಾರ ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತಿದೆ. ಐದಾರು ತಿರುವು ಆಗುವಷ್ಟರಲ್ಲಿ ಏನೋ ಸರಿ ಇಲ್ಲ ಅನ್ನಿಸಿತು. ಮೂರನೇ ಗೇರಿನಲ್ಲಿ ಥ್ರಾಟಲ್ ತಿರುಗಿಸಿದರೆ ಎಂಜಿನ್ ಸದ್ದು ಮಾತ್ರ ಕಿರುಚುವ ಹಾಗೆ ಏರುತ್ತಿತ್ತು. ಆರ್‌ಪಿಎಂ ಮುಳ್ಳು 9,000 ದಾಟಿದರೂ ಸ್ಪೀಡು 40ರಲ್ಲೇ. ಸುಟ್ಟ ಕಾಗದದಂಥ ವಾಸನೆ ಬೇರೆ. ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿದ್ದಾನೆ, ಪಕ್ಕದಲ್ಲಿ ಪ್ರಪಾತ. ಎರಡನೇ ಗೇರಿಗೆ ಇಳಿಸಿ, ಥ್ರಾಟಲ್ ಕಾಲು ಭಾಗಕ್ಕಿಂತ ಹೆಚ್ಚು ತಿರುಗಿಸದೆ, ಕೊಟ್ಟಿಗೆಹಾರ ಮುಟ್ಟುವಾಗ ಕೈ ನಡುಗುತ್ತಿತ್ತು. ನೀರುದೋಸೆ ತಟ್ಟೆ ಮುಂದೆ ಬಂದರೂ ಗಂಟಲಿಗೆ ಇಳಿಯಲಿಲ್ಲ.

ಆಗಿದ್ದೇನೆಂದರೆ, ಬಹುತೇಕ ಬೈಕುಗಳ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ನೆನೆದಿರುತ್ತವೆ. ಅವು ಒಂದನ್ನೊಂದು ಗಟ್ಟಿಯಾಗಿ ಕಚ್ಚಿ ಹಿಡಿಯಬೇಕು. ಕಾರಿನ ಆಯಿಲಿಗೆ ಮೈಲೇಜ್ ಹೆಚ್ಚಲಿ ಎಂದು ಜಾರಿಕೆ ತರುವ ರಾಸಾಯನಿಕ ಸೇರಿಸಿರುತ್ತಾರೆ. ಅದು ಪ್ಲೇಟುಗಳ ಮಧ್ಯೆ ಕೂತರೆ ಕ್ಲಚ್ ಸ್ಲಿಪ್ ಆಗುತ್ತದೆ. ಮನೆಗೆ ಬಂದು ಬಿಚ್ಚಿಸಿದಾಗ ಪ್ಲೇಟುಗಳ ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿತ್ತು. ಹೊಸ ಪ್ಲೇಟು ಹಾಕಿಸಿದೆ. ಸರಿಯಾದ ಆಯಿಲ್ ಹಾಕಿ, 200 ಕಿಲೋಮೀಟರ್ ಓಡಿಸಿ, ಅದನ್ನೂ ತೆಗೆದು ಮತ್ತೆ ಹಾಕಿದೆ.

ಇದೇ ಸಮಸ್ಯೆಗೆಂದು ಜಪಾನಿನ ವಾಹನ ಮಾನದಂಡ ಸಂಸ್ಥೆಯಾದ ಜಾಸೊ 1998ರಲ್ಲಿ ಬೈಕ್ ಆಯಿಲಿಗೇ ಒಂದು ಮಾನದಂಡ ತಂದಿತು. ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 ಇದ್ದರೆ ಕ್ಲಚ್ ಜಾರದು ಎಂದು ಪರೀಕ್ಷಿಸಿದ್ದಾರೆ. ಎಂಎ2 ಹಿಡಿತ ಇನ್ನೂ ಹೆಚ್ಚು. ಪವರ್ ಜಾಸ್ತಿ ಇರುವ ಬೈಕಿಗೆ ಅದೇ ಬೇಕು. ಎಂಬಿ ಎಂದಿದ್ದರೆ ಜಾರಿಕೆ ಜಾಸ್ತಿ, ಮುಖ್ಯವಾಗಿ ಸ್ಕೂಟರಿಗೆ. ಕೆಲವು ಕಂಪನಿಗಳು ತಮ್ಮ ಬೈಕಿಗೂ ಎಂಬಿ ಎಂದೇ ಬರೆಯುತ್ತವೆ. ಅವರು ಕ್ಲಚ್ಚನ್ನು ಅದಕ್ಕೆ ತಕ್ಕ ಹಾಗೆ ಮಾಡಿರುತ್ತಾರೆ, ಅಲ್ಲಿ ಅವರ ಮಾತೇ ಸರಿ.

ಬೈಕಿನ ಆಯಿಲಿಗೆ ಇನ್ನೊಂದು ಕಷ್ಟ ಗೇರುಗಳದು. ಆಯಿಲಿನ ಮಂದತನ ಬಿಸಿಯಲ್ಲೂ ಉಳಿಯಲಿ ಎಂದು ಉದ್ದುದ್ದ ಪಾಲಿಮರ್ ಎಳೆಗಳನ್ನು ಸೇರಿಸಿರುತ್ತಾರೆ. ಗೇರಿನ ಹಲ್ಲುಗಳು ಆ ಎಳೆಗಳನ್ನು ಕತ್ತರಿಸುತ್ತಾ ಹೋಗುತ್ತವೆ. 50 ಎಂದು ಹಾಕಿದ ಆಯಿಲ್ ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ 16.3ರ ಕೆಳಗೆ ಇಳಿದು, ನಿಜದಲ್ಲಿ 40 ಆಗಿರಬಹುದು. ಗೇರ್ ಬೀಳುವಾಗ ಮೊದಲು ಇಲ್ಲದ ಕಟಕಟ ಸದ್ದು, ನ್ಯೂಟ್ರಲ್ ಸಿಗದೆ ಒದ್ದಾಟ ಶುರುವಾದರೆ ಅದು ಆಯಿಲ್ ಸವೆದ ಸೂಚನೆ. ಡಬ್ಬಿಯ ಎರಡು ನಂಬರುಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಸಾಮಾನ್ಯವಾಗಿ ಎಳೆಗಳು ಜಾಸ್ತಿ ಬೇಕಾಗುತ್ತವೆ. 390ಗೆ 15ಡಬ್ಲ್ಯೂ-50 ಹೇಳಿರುವಾಗ "5ಡಬ್ಲ್ಯೂ-50 ಇನ್ನೂ ಮೇಲು" ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಸಿಂಥೆಟಿಕ್ ಎಂಬ ಪದದ ಬಗ್ಗೆಯೂ ಒಂದು ಮಾತು. ಮೊದಲು ಆ ಪದ ಪೂರ್ತಿ ರಸಾಯನಶಾಲೆಯಲ್ಲಿ ಕಟ್ಟಿದ ಆಯಿಲಿಗೆ ಮಾತ್ರ ಇತ್ತು. 1999ರಲ್ಲಿ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವಿನ ತಕರಾರು ಜಾಹೀರಾತು ದೂರು ನೋಡುವ ಸಂಸ್ಥೆಯ ಮುಂದೆ ಬಂತು. ತೀರ್ಮಾನ ಕ್ಯಾಸ್ಟ್ರಾಲ್ ಪರವಾಯಿತು. ಕಚ್ಚಾ ತೈಲವನ್ನೇ ತೀವ್ರವಾಗಿ ಶುದ್ಧ ಮಾಡಿದ ಆಯಿಲನ್ನೂ ಸಿಂಥೆಟಿಕ್ ಎಂದು ಮಾರಬಹುದು ಎಂದಾಯಿತು. ಅಂಥ ಆಯಿಲ್ ಕೆಟ್ಟದ್ದೇನಲ್ಲ, ಬಹಳ ಒಳ್ಳೆಯದೇ. ಆದರೆ "ಫುಲ್ ಸಿಂಥೆಟಿಕ್" ಎಂಬ ಎರಡು ಪದ ನೋಡಿ ದುಡ್ಡು ಕೊಡಬೇಡಿ. ಟ್ರ್ಯಾಕಿಗೆ ಹೋಗುವವರಾದರೆ ಎಸ್ಟರ್ ಇರುವ ಆಯಿಲಿಗೆ ಕೊಟ್ಟ ದುಡ್ಡು ದಂಡವಾಗುವುದಿಲ್ಲ, ಬೇಗ ಬದಲಿಸುವುದಾದರೆ ಮಾತ್ರ. ಬಹುತೇಕ ರೇಸಿಂಗ್ ಆಯಿಲ್‌ಗಳನ್ನು ಹತ್ತು ಸಾವಿರ ಕಿಲೋಮೀಟರ್ ಬಾಳಲಿ ಎಂದು ಮಾಡಿರುವುದಿಲ್ಲ.

ಎಷ್ಟಕ್ಕೆ ಬದಲಿಸಬೇಕು? ಬೆಂಗಳೂರಿನವರು ಕಿಲೋಮೀಟರ್ ಒಂದನ್ನೇ ನೋಡಬೇಡಿ. ಸಿಲ್ಕ್ ಬೋರ್ಡ್ ಕಡೆ ದಿನಾ ಗಂಟೆಗೆ 20 ಕಿ.ಮೀ. ಸರಾಸರಿಯಲ್ಲಿ ಹೋದರೆ 6,000 ಕಿ.ಮೀ.ಗೆ ಎಂಜಿನ್ 300 ಗಂಟೆ ಓಡಿರುತ್ತದೆ. ಹೈವೇಯಲ್ಲಿ 60ರ ಸರಾಸರಿಯಲ್ಲಿ ಅಷ್ಟೇ ದೂರಕ್ಕೆ 100 ಗಂಟೆ. ನಾನು ಊರೊಳಗಿನ ಗಾಡಿಗೆ ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಮೊದಲೇ ಬದಲಿಸುತ್ತೇನೆ. ಓಡದೆ ನಿಂತಿದ್ದರೂ ವರ್ಷಕ್ಕೊಮ್ಮೆ. ಕಪ್ಪಾಗಿದೆ ಎಂದು ಹೆದರಬೇಕಿಲ್ಲ, ಕೊಳೆ ಎಳೆದುಕೊಂಡರೆ ಕಪ್ಪಾಗಲೇಬೇಕು. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಗಾಢವಾಗಿದ್ದು, ಮಟ್ಟವೂ ಏರಿದ್ದರೆ ಆಯಿಲಿಗೆ ಪೆಟ್ರೋಲ್ ಸೇರುತ್ತಿದೆ ಎಂದರ್ಥ. ಅದನ್ನು ಮುಂದೂಡಬೇಡಿ.

ಭಾವ ಕೊನೆಗೆ 5ಡಬ್ಲ್ಯೂ-40ನ್ನೇ ಹಾಕಿಸಿದರು. ಮೇಲಿನ ಮನೆಯ ಹುಡುಗನ ಬೈಕಿಗೆ ಅದೇ ಭಾನುವಾರ ಬೇಸ್‌ಮೆಂಟಿನಲ್ಲಿ ಇಬ್ಬರೂ ಕೂತು ಆಯಿಲ್ ಬದಲಿಸಿದೆವು. 15ಡಬ್ಲ್ಯೂ-50, ಎಂಎ2, ಹೊಸ ಫಿಲ್ಟರ್, ಡ್ರೇನ್ ಬೋಲ್ಟಿಗೆ ಹೊಸ ವಾಷರ್. ಬೋಲ್ಟಿನ ಮ್ಯಾಗ್ನೆಟ್ ಮೇಲೆ ಕಾಡಿಗೆಯಂಥ ನುಣುಪು ಪುಡಿ ಅಂಟಿತ್ತು. ಬೆರಳಲ್ಲಿ ತಿಕ್ಕಿ ತೋರಿಸಿದೆ, ಚೂರು ಯಾವುದೂ ಚುಚ್ಚಲಿಲ್ಲ, ಎಂಜಿನ್ ಚೆನ್ನಾಗಿದೆ. ಅವನು ಇನ್ನೊಂದಿಷ್ಟು ಸುರಿಯಲು ಹೋದ. ತಡೆದೆ. ಹೆಚ್ಚಾದರೆ ಒಳಗೆ ನೊರೆ ಬರುತ್ತದೆ, ನೊರೆಗೆ ಲೋಹವನ್ನು ಕಾಪಾಡುವ ಶಕ್ತಿ ಇಲ್ಲ. ಬೈಕ್ ನೆಟ್ಟಗೆ ಹಿಡಿದು, ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಆಯಿಲ್ ಕೆಳಗಿಳಿಯಲು ಬಿಟ್ಟು, ಗಾಜಿನ ಕಿಂಡಿಯಲ್ಲಿ ಎರಡು ಗೆರೆಗಳ ನಡುವೆ ಬಂದಿದೆಯಾ ನೋಡಿದೆವು.

ಕೊನೆಗೆ ಖಾಲಿ ಡಬ್ಬಿಗೆ ಸ್ಕ್ರೂಡ್ರೈವರ್‌ನಿಂದ ಮೂರು ಕಡೆ ತೂತು ಮಾಡಿಸಿದೆ, ಲೇಬಲ್ ಕೀಳಿಸಿದೆ. ಒಳ್ಳೆಯ ಡಬ್ಬಿ ಗುಜರಿಗೆ ಹೋದರೆ ಅದರಲ್ಲಿ ಕಳಪೆ ಆಯಿಲ್ ತುಂಬಿ ಮತ್ತೆ ಮಾರುವವರಿದ್ದಾರೆ. ಹಳೆಯ ಆಯಿಲನ್ನು ಐದು ಲೀಟರ್ ಕ್ಯಾನಿಗೆ ಹುಯ್ದು ಮುಚ್ಚಳ ಬಿಗಿದಿಟ್ಟಿದ್ದೇವೆ. ಚರಂಡಿಗೆ ಒಂದು ಹನಿಯೂ ಬೇಡ. ಕ್ಯಾನ್ ತುಂಬಿದ ಮೇಲೆ ಕರಿ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಅವನೇ ಕೊಟ್ಟು ಬರುತ್ತಾನಂತೆ.