ತುದಿಯ ತೂಕ

ಹೋದ ತಿಂಗಳು ಹೊಸ ಕೋಲು ಕೊಳ್ಳಲು ಹೋಗಿದ್ದೆ. ಅಂಗಡಿಯವರ ಹತ್ತಿರ ಒಂದು ಬಕೆಟ್ ನೀರು ಕೇಳಿದೆ. "ಕುಡಿಯೋಕಾ ಸಾರ್?" ಅಂದರು. ಅಲ್ಲ, ಈ ಕೋಲಿನ ಒಳಗಿನ ಪೈಪಿಗೆ ತುಂಬಿಸೋಕೆ ಅಂದೆ. ಇವನಿಗೆ ಸ್ವಲ್ಪ ಲೂಸ್ ಇರಬೇಕು ಅನ್ನೋ ಹಾಗೆ ನೋಡಿದರು. ಪುಣ್ಯಕ್ಕೆ ನೀರು ಕೊಟ್ಟರು.

ನಾನು ಗಾಜು ತೊಳೆಯುವವನು. ಊರು ಶಿರಸಿ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಹೂಡಿ, ವೈಟ್‌ಫೀಲ್ಡ್, ಮಾರತಹಳ್ಳಿ ಸುತ್ತಮುತ್ತ ನಾಲ್ಕೈದು ಮಹಡಿಯ ಆಫೀಸುಗಳು, ಶೋರೂಮುಗಳು, ಒಂದೆರಡು ಶಾಲೆ. ನನ್ನ ಜೊತೆ ಮೂವರು ಹುಡುಗರಿದ್ದಾರೆ. ಇಪ್ಪತ್ತು ಮಹಡಿಯ ಗಾಜಿನ ಕಟ್ಟಡ ನಮ್ಮದಲ್ಲ, ಅದು ಹಗ್ಗದಲ್ಲಿ ಇಳಿಯುವವರದ್ದು. ಮೊದಲ ಆರು ವರ್ಷ ನಾನೂ ಹಗ್ಗದಲ್ಲೇ ಇದ್ದೆ. ಮಗಳು ಹುಟ್ಟಿದ ಮೇಲೆ ನೆಲಕ್ಕೆ ಬಂದೆ.

ನೆಲದಲ್ಲಿ ನಿಂತು ಮೂರನೇ ಮಹಡಿಯ ಗಾಜು ತೊಳೆಯುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಒಂದರೊಳಗೊಂದು ಕೂರುವ ತುಂಡುಗಳನ್ನು ಎಳೆದು ಉದ್ದ ಮಾಡುವ ಕೋಲು, ಅದರೊಳಗೆ ಸಣ್ಣ ಪೈಪು, ತುದಿಯಲ್ಲಿ ಬ್ರಷ್ಷು. ಪಂಪು ನೀರನ್ನು ಮೇಲೆ ತಳ್ಳುತ್ತದೆ. ಉಜ್ಜಿ, ಅದೇ ನೀರಿನಲ್ಲಿ ತೊಳೆದು, ಹಾಗೇ ಬಿಟ್ಟುಬಿಡುವುದು. ಸೋಪಿಲ್ಲ, ಒರೆಸುವುದೂ ಇಲ್ಲ. ನೀರಿನಲ್ಲಿ ಲವಣ ಇಲ್ಲದಿದ್ದರೆ ಒಣಗಿದ ಮೇಲೆ ಕಲೆ ಉಳಿಯುವುದಿಲ್ಲ. ಬ್ರಿಟನ್ನಿನಲ್ಲಿ ಎತ್ತರದ ಕೆಲಸಕ್ಕೆ 2005ರಲ್ಲಿ ನಿಯಮ ಬಂತು. ನೆಲದಿಂದ ಮಾಡಬಹುದಾದ ಕೆಲಸಕ್ಕೆ ಮೇಲೆ ಹತ್ತಬೇಡಿ ಅನ್ನುವುದು ಅದರ ಮೊದಲ ಪಾಠ. ಅಲ್ಲಿ ಮನೆ ಮನೆ ಕಿಟಕಿ ತೊಳೆಯುವವರಲ್ಲೂ ಬಹಳ ಜನ ಏಣಿ ಬಿಟ್ಟು ಈ ಕೋಲು ಹಿಡಿದಿದ್ದಾರೆ. ನಮ್ಮಲ್ಲಿ ಇನ್ನೂ ಬಿದಿರು ಏಣಿ, ಬಕೆಟ್ಟು, ದೇವರ ಮೇಲೆ ಭಾರ.

ನನ್ನ ಮೊದಲ ಕೋಲು ಫೈಬರ್‌ಗ್ಲಾಸಿನದು. ಆನ್‌ಲೈನಿನಲ್ಲಿ ಕೊಂಡಿದ್ದು, 30 ಅಡಿ. ಕಡಿಮೆಗೆ ಸಿಕ್ಕಿತು ಅಂತ ಹೆಂಡತಿಯ ಹತ್ತಿರ ಕೊಚ್ಚಿಕೊಂಡಿದ್ದೆ. ಪೂರ್ತಿ ಎಳೆದರೆ ಮೀನು ಹಿಡಿಯುವ ಗಾಳದ ಕೋಲಿನ ಹಾಗೆ ಬಾಗುತ್ತಿತ್ತು. ಕೈಯಲ್ಲಿ ಒಂದಡಿ ಎಳೆದರೆ ಬ್ರಷ್ಷು ಮೊದಲು ಸುಮ್ಮನಿರುತ್ತಿತ್ತು, ಆಮೇಲೆ ದಡಕ್ಕನೆ ಎರಡಡಿ ಹಾರುತ್ತಿತ್ತು. ಗಾಜು ಉಜ್ಜುವುದಕ್ಕಿಂತ ಆ ಬಳುಕನ್ನು ಹಿಡಿದು ನಿಲ್ಲಿಸುವುದೇ ಜಾಸ್ತಿ ಕೆಲಸ. ಎಂಟು ತಿಂಗಳಲ್ಲಿ ಬಲ ಭುಜ ಹೋಯಿತು. ಅಂಗಿ ತೊಡಲು ಮಗಳು ತೋಳು ಹಿಡಿದು ಎತ್ತಬೇಕಿತ್ತು. ಫಿಸಿಯೋಥೆರಪಿಯವರು "ಏನು ಕೆಲಸ ಮಾಡ್ತೀರಿ?" ಅಂತ ಕೇಳಿದರು. ಕಿಟಕಿ ಅಂದೆ. ನಂಬಲಿಲ್ಲ.

ತಮಾಷೆ ಏನು ಗೊತ್ತಾ, ನಾನು ಈ ತಪ್ಪು ಮಾಡಲೇಬಾರದಿತ್ತು. ಅಡಿಕೆ ತೋಟದ ಮನೆಯವನು ನಾನು. ದೋಟಿ, ಅಂದರೆ ನೆಲದಿಂದಲೇ ಕೊಯ್ಯುವ ಉದ್ದ ಕೋಲು, ಹಿಡಿಯುವುದು ಗೊತ್ತು. ಮರ ಹತ್ತುವ ಕೊನೆಗೌಡರು ಸಿಗುವುದು ಕಷ್ಟವಾದ ಮೇಲೆ ನಮ್ಮ ಕಡೆ ಕಾರ್ಬನ್ ಫೈಬರ್ ದೋಟಿ ಬಂತು. ಅದಕ್ಕೇ ಪೈಪು ಸೇರಿಸಿ, ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣವನ್ನು ನೆಲದಿಂದಲೇ ಅಡಿಕೆ ಗೊನೆಗೆ ಹೊಡೆಯುತ್ತಾರೆ, ಕೊಳೆರೋಗಕ್ಕೆ. ಕೋಲು, ಪೈಪು, ಪಂಪು. ನನ್ನ ಸಾಮಾನಿಗೂ ಅದಕ್ಕೂ ಏನು ವ್ಯತ್ಯಾಸ ಹೇಳಿ? ಅಲ್ಲಿ ನಳಿಗೆ, ಇಲ್ಲಿ ಬ್ರಷ್ಷು, ಅಷ್ಟೇ. ಭುಜ ನೋವಿನಲ್ಲಿ ಊರಿಗೆ ಹೋಗಿದ್ದಾಗ ಅಣ್ಣನ ಹತ್ತಿರ ಅಳಲು ತೋಡಿಕೊಂಡೆ. ಅವನು ಎರಡೇ ಮಾತು ಕೇಳಿದ. "ತುದಿ ಎಷ್ಟು ಭಾರ? ಎಷ್ಟು ಬಳುಕ್ತು?" ನಾನು ಕೊಳ್ಳುವಾಗ ನೋಡಿದ್ದು ಉದ್ದ ಮತ್ತು ರೇಟು.

ಅಲ್ಲಿಂದ ಮುಂದೆ ನಾನು ಕೋಲು ನೋಡುವ ಕ್ರಮವೇ ಬದಲಾಯಿತು. ಡಬ್ಬದ ಮೇಲೆ ಬರೆದ ತೂಕ ಖಾಲಿ ಕೋಲಿನದು. ನಾವು ದಿನವಿಡೀ ಎತ್ತುವುದು ನೀರು ತುಂಬಿದ ಪೈಪು, ಬ್ರಷ್ಷು, ಬ್ರಷ್ಷನ್ನು ಬಾಗಿಸುವ ಕತ್ತು, ಎಲ್ಲ ಸೇರಿದ್ದು. ಪೈಪಿನ ಲೆಕ್ಕವನ್ನೇ ನೋಡಿ. ಒಳ ಅಳತೆ 8 ಮಿ.ಮೀ. ಇದ್ದರೆ ಒಂದು ಮೀಟರಿನಲ್ಲಿ ಸುಮಾರು 50 ಎಂ.ಎಲ್. ನೀರು ನಿಲ್ಲುತ್ತದೆ. 5 ಮಿ.ಮೀ. ಇದ್ದರೆ 20. ಒಂಬತ್ತು ಮೀಟರಿಗೆ ಕಾಲು ಕೆಜಿಗಿಂತ ಜಾಸ್ತಿ ಫರಕು! ಒಂದು ಬಾಟಲಿ ನೀರು ಎತ್ತಿದ ಹಾಗೆ ಇದಲ್ಲ. ಕೋಲು ನೆಟ್ಟಗೆ ನಿಂತಾಗ ಕಾಲು ಕೆಜಿ ಕಾಲು ಕೆಜಿಯೇ. ಒಂದು ಗೇಣು ವಾಲಿತೋ, ಮೇಲಿನ ಪ್ರತಿ ಗ್ರಾಮೂ ಭುಜಕ್ಕೆ ಬಂದು ಕೂರುತ್ತದೆ. ಅದಕ್ಕೇ ಆ ಬಕೆಟ್ ನೀರು.

ಬ್ರಷ್ಷಿನ ವಿಷಯದಲ್ಲಂತೂ ನನ್ನದು ಹಟ. ದೊಡ್ಡ ಬ್ರಷ್ಷು ಬೇಗ ಕೆಲಸ ಮುಗಿಸುತ್ತದೆ ಅಂತ ಮಾರುವವರು ಹೇಳುತ್ತಾರೆ. ನೆಲಮಹಡಿಯಲ್ಲಿ ಹೌದು. ಮೂರನೇ ಮಹಡಿಯಲ್ಲಿ ಅದು ನೀರು ಕುಡಿದು ಕಲ್ಲಾಗುತ್ತದೆ. ನಾನು ಒಂದಡಿಗಿಂತ ಚಿಕ್ಕದು, ನೈಲಾನ್ ಕೂದಲಿನದು ಬಳಸುತ್ತೇನೆ. ಇನ್ನೊಂದು, ಗಾಜಿನ ಮೇಲೆ ಚೆನ್ನಾಗಿ ಜಾರಬೇಕು. ಕೆಲವು ಬ್ರಷ್ಷು ಗಾಜಿಗೆ ಕಚ್ಚಿಕೊಳ್ಳುತ್ತವೆ. ಪ್ರತಿ ಸಲ ಮೇಲೆ ತಳ್ಳುವಾಗ ಮೊಣಕೈ ಕೇಳುತ್ತದೆ, "ಇನ್ನೂ ಎಷ್ಟು ಕಿಟಕಿ ಉಂಟು ಮಾರಾಯ?"

ಬಾಗುವ ಕತ್ತು ನಮ್ಮ ಊರಿನ ಕಟ್ಟಡಗಳಿಗೆ ಬೇಕೇ ಬೇಕು. ವಿದೇಶದ ವಿಡಿಯೋಗಳಲ್ಲಿ ಗೋಡೆ ನುಣ್ಣಗೆ ಇರುತ್ತದೆ. ನಮ್ಮಲ್ಲಿ ಪ್ರತಿ ಕಿಟಕಿಯ ಮೇಲೂ ಸಜ್ಜಾ, ಸಜ್ಜಾದ ಮೇಲೆ ಎಸಿ ಡಬ್ಬ, ಎಸಿ ಹಿಂದೆ ಪಾರಿವಾಳದ ಸಂಸಾರ. ಕೆಲವು ಕಡೆ ಹೊರಗೇ ಗ್ರಿಲ್ಲು. ಗ್ರಿಲ್ಲು ಹೊರಗಿದ್ದರೆ ನಾನು ಕೆಲಸ ಒಪ್ಪುವುದೇ ಇಲ್ಲ. ಸಜ್ಜಾದ ಕೆಳಗಿನ ಗಾಜಿಗೆ ಬ್ರಷ್ಷು ಸರಿಯಾಗಿ ಒರಗಬೇಕಾದರೆ ಕತ್ತಿನ ಕೋನ ಬದಲಾಯಿಸಬೇಕು. ಇಲ್ಲದಿದ್ದರೆ ನಾವು ಸೊಂಟ ಬದಲಾಯಿಸಬೇಕಾಗುತ್ತದೆ.

ಈಗ ಬಳಸುತ್ತಿರುವುದು ಕಾರ್ಬನ್ ಕೋಲು. ಮೊದಲನೆಯದರ ನಾಲ್ಕು ಪಟ್ಟು ಕೊಟ್ಟೆ, ಹೊಟ್ಟೆ ಉರಿಯಿತು. ಆದರೆ ಕೈ ತಿರುಗಿಸಿದ ಕೂಡಲೇ ಮೇಲೆ ಬ್ರಷ್ಷು ತಿರುಗುತ್ತದೆ. ಹಗುರ ಅನ್ನುವುದಕ್ಕಿಂತ ಆ ಬಿಗಿಗೇ ನಾನು ಹಣ ಕೊಟ್ಟಿದ್ದು. ಅದಕ್ಕೂ ಅದರದ್ದೇ ಕಿರಿಕಿರಿ ಇದೆ. ಕಪ್ಪು ಬಣ್ಣ, ಏಪ್ರಿಲ್ ಬಿಸಿಲಿಗೆ ದೋಸೆ ಕಾವಲಿ. ಅಂಚು ಸವೆದರೆ ಸಿಬಿರು ಚುಚ್ಚುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬಾರದು. ಎಲ್ಲಕ್ಕಿಂತ ಮುಖ್ಯ, ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ದೋಟಿ ತಂತಿಗೆ ತಗುಲಿ ಜೀವ ಹೋದ ಸುದ್ದಿ ಅಡಿಕೆ ಸೀಮೆಯವರಿಗೆ ಹೊಸದಲ್ಲ. ಫೈಬರ್‌ಗ್ಲಾಸ್ ಕೋಲಾದರೂ ನಂಬುವ ಹಾಗಿಲ್ಲ, ಯಾವಾಗಲೂ ಒದ್ದೆಯಲ್ಲ. ಒಮ್ಮೆ ಹೂಡಿಯಲ್ಲಿ ಗೋಡೆಗೆ ಹತ್ತಿರವೇ ಹೈ ಟೆನ್ಷನ್ ತಂತಿ ಇತ್ತು. ಮ್ಯಾನೇಜರ್ "ಹುಷಾರಾಗಿ ಮಾಡಿ" ಅಂದರು. ಸಾಮಾನು ಕಟ್ಟಿಕೊಂಡು ವಾಪಸ್ ಬಂದೆ.

ತುಂಡುಗಳನ್ನು ಬಿಗಿಯುವ ಕ್ಲಾಂಪು ಸಣ್ಣ ವಿಷಯ ಅನ್ನಿಸುತ್ತದೆ. ದಿನಕ್ಕೆ ನೂರಾರು ಸಲ ತೆಗೆದು ಹಾಕುವುದು ಅದನ್ನೇ. ಒದ್ದೆ ಗ್ಲೌಸಿನಲ್ಲಿ ಒಂದೇ ಬೆರಳಿಗೆ ತೆರೆಯಬೇಕು, ಸಡಿಲವಾದರೆ ಸ್ಕ್ರೂ ತಿರುಗಿಸಿ ಬಿಗಿಯುವ ಹಾಗಿರಬೇಕು. ಹಳೆಯ ಕೋಲಿನ ಕ್ಲಾಂಪು ಒಂದು ದಿನ ಜಾರಿ ಮೇಲಿನ ತುಂಡು ಸರ್ರನೆ ಇಳಿದು ನನ್ನ ಹೆಬ್ಬೆರಳು ಜಜ್ಜಿತು. ಉಗುರು ಬರಲು ನಾಲ್ಕು ತಿಂಗಳು ಹಿಡಿಯಿತು.

ನೀರಿನ ವಿಷಯ ಒಂದು ಪುರಾಣ. ನಾವು ಹೋಗುವ ಕಡೆ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣದ ಅಳತೆ, ನನ್ನ ಮೀಟರಿನಲ್ಲಿ 800 ದಾಟುತ್ತದೆ. ಗಾಜಿನ ಮೇಲೆ ಒಣಗಿದರೆ ಸುಣ್ಣ ಬಳಿದ ಹಾಗೆ. ಅದನ್ನು ಸೊನ್ನೆಯ ಹತ್ತಿರ ತರಲು ಆರ್‌ಒ ಫಿಲ್ಟರು, ಆಮೇಲೆ ಉಳಿದ ಲವಣ ಹಿಡಿಯುವ ರೆಸಿನ್ ಡಬ್ಬ. ಆರ್‌ಒ ಚೆಲ್ಲುವ ನೀರನ್ನು ಕಟ್ಟಡದವರ ಟಾಯ್ಲೆಟ್ ಟ್ಯಾಂಕಿಗೆ ಬಿಡುತ್ತೇವೆ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದು ನೆನಪಿದೆಯಲ್ಲ? ಆಗಿನಿಂದ ಈ ಅಭ್ಯಾಸ. ಆರಾಮದ ಮಟ್ಟಿಗೆ ಹೇಳುವುದಾದರೆ, ಬೆನ್ನಿಗೆ ಹಾಕುವ ಟ್ಯಾಂಕು ಬೇಡ. 20 ಲೀಟರ್ ಅಂದರೆ 20 ಕೆಜಿ, ಮೇಲೆ ಬ್ಯಾಟರಿ. ದೊಡ್ಡ ಚಕ್ರದ ಟ್ರಾಲಿ ತಗೊಳ್ಳಿ. ಸಣ್ಣ ಚಕ್ರ ಬೆಂಗಳೂರಿನ ಫುಟ್‌ಪಾತಿನಲ್ಲಿ ಒಂದು ವಾರ ಬಾಳುವುದಿಲ್ಲ.

ಹುಡುಗರಿಗೆ ನಾನು ದಿನಾ ಹೇಳುವುದು, ಬೇಡದ ತುಂಡು ಕೆಳಗಿನಿಂದ ಕಳಚಿಡಿ. ಒಂದನೇ ಮಹಡಿ ತೊಳೆಯಲು ಪೂರ್ತಿ ಕೋಲು ಹೊರುವವರು ನಮ್ಮಲ್ಲೇ ಇದ್ದಾರೆ. ಇನ್ನು, ಗೋಡೆಯ ಬುಡದಲ್ಲಿ ನಿಂತು ನೆಟ್ಟಗೆ ಮೇಲೆ ನೋಡಿದರೆ ಸಂಜೆಗೆ ಕತ್ತು ಹಿಡಿಯುತ್ತದೆ. ನಾಲ್ಕು ಹೆಜ್ಜೆ ಹಿಂದೆ ಬಂದು ನಿಲ್ಲಬೇಕು.

ಆ ಬಕೆಟ್ ನೀರಿನ ಕೋಲು ಕೊಂಡೆನಾ? ಇಲ್ಲ. ನನಗೆ ಸರಿಯಿತ್ತು. ಆದರೆ ಕೋಲು ಬೇಕಿದ್ದದ್ದು ನಮ್ಮ ಕಿರಿಯ ಹುಡುಗನಿಗೆ. ಅವನ ಅಂಗೈ ಸಣ್ಣದು. ಬುಡದ ತುಂಡು ಅವನ ಮುಷ್ಟಿಗೆ ಸಿಗಲಿಲ್ಲ, ಹತ್ತೇ ನಿಮಿಷಕ್ಕೆ ಬೆರಳು ಸೆಟೆದವು. ಬುಡ ತೆಳ್ಳಗಿರುವುದು ಬರಲಿದೆ ಅಂತ ಅಂಗಡಿಯವರು ಹೇಳಿದ್ದಾರೆ. "ಬರುವಾಗ ನೀರು ನೀವೇ ತನ್ನಿ" ಅಂದರು.

ಹಳೆಯ ಫೈಬರ್‌ಗ್ಲಾಸ್ ಕೋಲು ಊರಿನಲ್ಲಿದೆ. ಅಣ್ಣ ಅದರ ತುದಿಗೆ ಬಲೆ ಕಟ್ಟಿ ಅಪ್ಪೆಮಿಡಿ ಕೊಯ್ಯುತ್ತಾನೆ. ಬಳುಕುವುದೇ ಒಳ್ಳೆಯದಂತೆ, ಮಿಡಿಯ ತೊಟ್ಟು ಮುರಿಯುವುದಿಲ್ಲವಂತೆ.