ಎಡಗಡೆಯ ದೀಪ

“ದೆಪೆಂದೆ” ಎಂದರು ಆ ಲಾರಿ ಚಾಲಕರು. ಸ್ಪ್ಯಾನಿಷ್ ಪದ. ‘ಸಂದರ್ಭ ನೋಡಿಕೊಂಡು’ ಎಂದು ಕನ್ನಡದಲ್ಲಿ ಹೇಳಬಹುದು. ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಆಡಿದ ಮಾತು. ಇಂದು ಬುಧವಾರ. ಹಲ್ಲುಜ್ಜುವಾಗಲೂ ಕಚೇರಿಯ ಮೀಟಿಂಗಿನಲ್ಲಿ ಕುಳಿತಿರುವಾಗಲೂ ಅದೇ ಪದ ಕಿವಿಯಲ್ಲಿ ಗುಂಯ್‌ಗುಡುತ್ತಿದೆ. ಎಡ ಮೊಣಕೈಯ ಊತ ಇಳಿದಿದೆ, ಪದ ಇಳಿದಿಲ್ಲ.

ನಾನಿರುವುದು ಮೆಕ್ಸಿಕೋದ ಕೆರೇತಾರೊ ನಗರದಲ್ಲಿ. ಹೆಸರು ಕೇಳಿದ ದಿನವೇ ಅಮ್ಮ “ಯಾವ ಕೆರೆ ತರಬೇಕಂತೆ?” ಎಂದಿದ್ದಳು. ನೀರಿಗೆ ಒದ್ದಾಡುವ ಊರಿಗೆ ಒಪ್ಪುವ ಪ್ರಶ್ನೆಯೇ. ಹದಿನೆಂಟನೆಯ ಶತಮಾನದಲ್ಲಿ ನೀರು ತರಲೆಂದು ಕಟ್ಟಿದ 74 ಕಮಾನುಗಳ ಕಲ್ಲಿನ ಮೇಲ್ಗಾಲುವೆ ಇಂದಿಗೂ ಇಲ್ಲಿ ನಿಂತಿದೆ. ಮೂರು ವರ್ಷದಿಂದ ಇಲ್ಲಿದ್ದೇನೆ, ಎರಡು ವರ್ಷದಿಂದ ಬಜಾಜ್ ಡಾಮಿನಾರ್ ಓಡಿಸುತ್ತಿದ್ದೇನೆ. ನನ್ನ ಮೆಕ್ಯಾನಿಕ್ ಅದನ್ನು ‘ಬಹಾಹ್’ ಎನ್ನುತ್ತಾನೆ. ತಿದ್ದಲು ಹೋಗಿಲ್ಲ. ಅವನ ಭಾಷೆಯನ್ನು ನಾನು ಇದಕ್ಕಿಂತ ಹೆಚ್ಚು ಕೆಡಿಸಿದ್ದೇನೆ.

ಮೆಕ್ಸಿಕೋದಲ್ಲಿ ಬೈಕು ಎಂದೊಡನೆ ಊರಿನವರೆಲ್ಲರ ಬಾಯಲ್ಲಿ ಬರುವುದು ಒಂದೇ: ಗುಂಡು, ಕಳ್ಳರು, ಮಾದಕದ್ರವ್ಯದವರು. ಒಬ್ಬ ಭಾವ ಇದ್ದಾರೆ, ತುಮಕೂರಿನಿಂದಾಚೆಗೆ ಬೈಕು ಓಡಿಸಿದವರಲ್ಲ, ವಾರಕ್ಕೊಂದು ಅಪಹರಣದ ಸುದ್ದಿ ನನಗೆ ಕಳುಹಿಸುತ್ತಾರೆ. ಕಾಳಜಿಯೋ ಖುಷಿಯೋ ತಿಳಿಯದು. ಅವರು ಹೇಳುವುದು ಪೂರ್ತಿ ಸುಳ್ಳೂ ಅಲ್ಲ. ನಮಗೆ ತಾಗಿಕೊಂಡೇ ಇರುವ ಗ್ವಾನಾಹ್ವಾತೊ ರಾಜ್ಯದಲ್ಲಿ ವರ್ಷಗಳಿಂದ ಕೊಲೆಗಳು ನಡೆಯುತ್ತಲೇ ಇವೆ. ಹೊತ್ತು ಇಳಿದ ಮೇಲೆ ಆ ಕಡೆಗೆ ನಾನು ಹ್ಯಾಂಡಲ್ ತಿರುಗಿಸುವುದಿಲ್ಲ. ನಮ್ಮ ಬೈಕಿನ ತಂಡದ ಮುಂದಾಳಂತೂ ಸಂಜೆ ಐದರ ನಂತರ ಯಾವ ಕಡೆಗೂ ಬೇಡ ಎನ್ನುತ್ತಾನೆ. ಅವನ ಜಾಕೆಟ್ಟಿನ ಬೆಲೆಗೆ ನನ್ನ ಅರ್ಧ ಬೈಕು ಬರುತ್ತದೆ, ಮಾತಿನಲ್ಲೂ ಅದೇ ಠೀವಿ. ಆದರೆ ಈ ವಿಷಯದಲ್ಲಿ ಅವನು ಹೇಳುವುದು ಸರಿ. ಕತ್ತಲಾದ ಮೇಲೆ ಕಳ್ಳರಿಗಿಂತ ಮೊದಲು ಸಿಗುವುದು ರಸ್ತೆಯ ಮೇಲೆ ಮಲಗಿದ ದನ, ಹಿಂದಿನ ದೀಪವಿಲ್ಲದ ಪಿಕಪ್, ಮತ್ತು ತೋಪೆ.

ತೋಪೆ ಎಂದರೆ ರಸ್ತೆಯುಬ್ಬು. ನಮ್ಮ ಹಂಪುಗಳನ್ನು ಕಂಡವನು ಇವಕ್ಕೆ ಹೆದರಬೇಕಾಗಿಲ್ಲ ಎಂದುಕೊಂಡಿದ್ದೆ. ಮೊದಲ ತಿಂಗಳೇ ಒಂದರ ಮೇಲೆ ಹಾರಿ, ಬೆನ್ನುಮೂಳೆಗೆ ಎಷ್ಟು ಮಣಿಗಳಿವೆ ಎಂದು ಎಣಿಸಿಕೊಂಡೆ. ಊರು ಶುರುವಾಗುವಲ್ಲಿ ಒಂದು, ಶಾಲೆಯ ಮುಂದೆ ಒಂದು, ತಿಂಡಿ ಮಾರುವವಳ ಅಂಗಡಿಯ ಮುಂದೆ ಒಂದು. ಅಂಗಡಿ ಮೊದಲು ಬಂತೋ ತೋಪೆ ಮೊದಲು ಬಂತೋ ಎಂಬುದು ಬೇರೆ ಮಾತು. ಟೋಲ್ ಕಟ್ಟಿ ಹೋಗುವ ‘ಕ್ವೋತಾ’ ಹೆದ್ದಾರಿಯಲ್ಲಿ ಈ ಕಾಟವಿಲ್ಲ. ಆ ಚೀಟಿಯಲ್ಲಿ ವಿಮೆಯೂ ಸೇರಿರುವುದರಿಂದ ದಾರಿ ಮುಗಿಯುವವರೆಗೆ ಅದನ್ನು ಬಿಸಾಡಬಾರದು ಎಂದು ಮೊದಲ ದಿನವೇ ಕಲಿಸಿದ್ದರು. ‘ಲಿಬ್ರೆ’ ಎಂಬ ಬಿಟ್ಟಿ ರಸ್ತೆಯಲ್ಲಿ ಚೀಟಿಯಿಲ್ಲ, ನಮ್ಮ ವಿಮೆಯೇ ನಮಗೆ. ಆದರೆ ಬೈಕಿನವನು ಹೋಗಬೇಕೆನ್ನುವ ದಾರಿಗಳೆಲ್ಲ ಲಿಬ್ರೆಯೇ.

ಇನ್ನು ದೀಪದ ವಿಷಯ. ಮೆಕ್ಸಿಕೋ ನಗರದಿಂದ ನಮ್ಮೂರಿನ ಮೇಲೆ ಉತ್ತರಕ್ಕೆ ಹೋಗುವ 57ನೆಯ ಹೆದ್ದಾರಿಯಲ್ಲಿ ಎರಡೆರಡು ಟ್ರೈಲರ್ ಜೋಡಿಸಿಕೊಂಡ ಲಾರಿಗಳು ಓಡುತ್ತವೆ. ಹಿಂದೆ ನಿಂತು ನೋಡಿದರೆ ರೈಲಿನ ಹಿಂದೆ ನಿಂತ ಹಾಗೆ. ಇಲ್ಲಿ ಬಲಗಡೆಯ ಸಂಚಾರ, ಹಿಂದಿಕ್ಕುವುದು ಎಡಗಡೆಯಿಂದ. ಎರಡೇ ಸಾಲಿನ ರಸ್ತೆಗಳಲ್ಲಿ ಹಿಂದಿರುವವನಿಗೆ ಮುಂದೇನು ಬರುತ್ತಿದೆ ಕಾಣುವುದಿಲ್ಲ, ಲಾರಿಯವನಿಗೆ ಕಾಣುತ್ತದೆ. ರಸ್ತೆ ಖಾಲಿಯಿದ್ದರೆ ಅವನು ಎಡಗಡೆಯ ಇಂಡಿಕೇಟರ್ ಹಾಕುತ್ತಾನೆ. ಹೋಗು, ಎಂದು ಅರ್ಥ. ದಾಟಿದ ಮೇಲೆ ನಾನು ಎರಡು ಸಲ ಹಾರನ್ ಒತ್ತುತ್ತೇನೆ. ಎರಡು ವರ್ಷ ಇದು ಹೀಗೇ ನಡೆದಿತ್ತು, ಇಷ್ಟು ಸೊಗಸಾದ ಉಪಕಾರ ಬೇರೆಲ್ಲೂ ಇಲ್ಲ ಎಂದು ಕೆಲವರ ಮುಂದೆ ಕೊಚ್ಚಿಕೊಂಡೂ ಇದ್ದೆ. ಅದೇ ಎಡಗಡೆಯ ದೀಪಕ್ಕೆ ‘ನಾನು ಎಡಕ್ಕೆ ತಿರುಗುತ್ತಿದ್ದೇನೆ’ ಎಂಬ ಅರ್ಥವೂ ಇದೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಲ್ಲರಿಗೂ ಗೊತ್ತು.

ಶನಿವಾರ ಹೊರಟದ್ದು ಸಿಯೆರಾ ಗೋರ್ದಾ ಬೆಟ್ಟಸಾಲಿಗೆ. 120ನೆಯ ಹೆದ್ದಾರಿ ಮೊದಲು ಪಾಪಾಸುಕಳ್ಳಿಯ ಒಣ ಬಯಲಿನಲ್ಲಿ ನೇರ ಓಡುತ್ತದೆ, ಆಮೇಲೆ ನೂರಾರು ತಿರುವು ಸುತ್ತಿ ಪೈನ್ ಕಾಡಿನ ಪಿನಾಲ್ ದೆ ಅಮೋಲೆಸ್ ಊರಿಗೆ ಏರುತ್ತದೆ, ಅಲ್ಲಿಂದ ಬೆಚ್ಚಗಿನ ಹಾಲ್ಪಾನ್ ಕಣಿವೆಗೆ ಧುಮುಕುತ್ತದೆ. ಅಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ಕಟ್ಟಿಸಿದ ಇಗರ್ಜಿ ಇದೆ, ಅದನ್ನು ಸೇರಿಸಿ ಅಂಥ ಐದನ್ನು 2003ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ನಾನು ಅಷ್ಟು ದೂರ ಹೋಗಲೇ ಇಲ್ಲ. ಎಸೆಕಿಯೆಲ್ ಮೊಂತೆಸ್‌ನಲ್ಲಿ ಗೊರ್ದಿತಾ ಎಂಬ ಮೆಕ್ಕೆಜೋಳದ ದಪ್ಪ ರೊಟ್ಟಿ ತಿಂದು ಕಾಫಿ ಕುಡಿದೆ. ಕಾದೆರೆಯ್ತಾ ದಾಟಿದ ಮೇಲೆ ಮೂರು ಲಾರಿಗಳು ದೀಪ ಹಾಕಿದವು, ಮೂರನ್ನೂ ದಾಟಿದೆ. ನಾಲ್ಕನೆಯದು ವಿಸಾರೋನ್ ಊರಿನ ಬಳಿ ಸಿಕ್ಕಿತು.

ವಿಸಾರೋನ್ ಅಮೃತಶಿಲೆಯ ಊರು. ರಸ್ತೆಯ ಬದಿಗೆ ಕಲ್ಲು ಕೊಯ್ಯುವ ಅಂಗಳಗಳು, ಬೇಲಿಯಿಲ್ಲ, ಗೇಟಿಲ್ಲ, ನೆಲವೆಲ್ಲ ಹಿಟ್ಟು ಚೆಲ್ಲಿದಂತೆ ಬಿಳಿ. ನನ್ನ ಮುಂದಿನ ಲಾರಿ ಎರಡು ಭಾರೀ ಬಂಡೆ ಹೊತ್ತು ಏದುಸಿರು ಬಿಡುತ್ತಿತ್ತು. ಎಡಗಡೆಯ ದೀಪ ಮಿನುಗಿತು. ಗೇರ್ ಇಳಿಸಿ, ಎಡಕ್ಕೆ ಬಂದು, ಆಕ್ಸಲರೇಟರ್ ತಿರುಗಿಸಿದೆ. ಅದರ ಹಿಂದಿನ ಚಕ್ರದ ಪಕ್ಕಕ್ಕೆ ಬಂದಾಗ ಮುಂದಿನ ಚಕ್ರ ನನ್ನ ಕಡೆಗೆ ಹೊರಳಿತು. ಚಕ್ರದ ನಟ್ಟುಗಳು ಇವತ್ತಿಗೂ ಕಣ್ಣ ಮುಂದಿವೆ. ಒಂದಕ್ಕೆ ಕೆಂಪು ಬಣ್ಣ ಬಳಿದಿತ್ತು.

ಬ್ರೇಕ್ ಹಿಡಿದೆ, ರಸ್ತೆ ಬಿಟ್ಟೆ, ಆ ಬಿಳಿ ಜಲ್ಲಿಯ ಮೇಲೆ ಬಿದ್ದೆ. ವೇಗ ಅಷ್ಟು ಹೊತ್ತಿಗೆ ಇಳಿದಿತ್ತು. ಎಡಗಡೆಯ ಕನ್ನಡಿ ಚೂರು, ಕ್ಲಚ್ ಲೀವರ್ ಬಾಗಿತು, ನಾನು ಹಿಟ್ಟಿನ ಗಿರಣಿಯವನ ಹಾಗೆ ಎದ್ದು ನಿಂತೆ. ಲಾರಿ ನನಗಿಂತ ಒಂದು ಮಾರು ಮುಂದೆ ನಿಂತಿತ್ತು.

ಚಾಲಕರು ಇಳಿದು ಬಂದರು. ಅರವತ್ತರ ಆಸುಪಾಸು, ಕುಳ್ಳು, ಎದೆಯ ಜೇಬಿನಲ್ಲಿ ಟೂತ್‌ಬ್ರಷ್. ಮೊದಲು ನನ್ನ ಕೈಕಾಲು ಮುಟ್ಟಿ ನೋಡಿದರು, ಆಮೇಲೆ ಮಾತು.

“ದೀಪ ಕಾಣಿಸಲಿಲ್ಲವೇ, ಹೋವೆನ್?”

ಹೋವೆನ್ ಎಂದರೆ ತರುಣ. ನನಗೆ ನಲವತ್ತೇಳು. ಈ ದೇಶದಲ್ಲಿ ಹೋಟೆಲಿನ ಮಾಣಿಯಿಂದ ಹಿಡಿದು ಎಲ್ಲರೂ ಹೋವೆನ್.

“ಕಾಣಿಸಿತು. ಅದಕ್ಕೇ ಬಂದೆ.”

ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ನನ್ನ ಮಾತನ್ನು ಪರೀಕ್ಷೆಯ ಉತ್ತರದಂತೆ ತೂಗಿ, “ಹೌದು, ಅದೂ ನಿಜ” ಎಂದರು.

“ಮತ್ತೆ, ಯಾವ ದೀಪ ಯಾವುದಕ್ಕೆ ಎಂದು ತಿಳಿಯುವುದು ಹೇಗೆ?”

“ದೆಪೆಂದೆ.”

“ಏನು ನೋಡಿಕೊಂಡು?”

“ತಿರುಗಲು ಜಾಗ ಇದ್ದರೆ ತಿರುಗುತ್ತೇನೆ. ಇಲ್ಲದಿದ್ದರೆ ನಿಮಗೆ ದಾರಿ.”

ಎಷ್ಟು ಸಲ ತಿರುಗಿಸಿ ನೋಡಿದರೂ ಇದರಲ್ಲಿ ತಪ್ಪು ಹುಡುಕಲಾಗಿಲ್ಲ. ತಿರುಗಲು ಜಾಗವಿದೆಯೇ ಎಂದು ನೋಡಬೇಕಾಗಿದ್ದವನು ನಾನು. ಆದರೆ ಲಾರಿಯ ಬೆನ್ನಿಗಂಟಿದವನಿಗೆ ಎಡಗಡೆಯ ಅಂಗಳ ಹೇಗೆ ಕಾಣಬೇಕು? ಅದು ಕಾಣುವಷ್ಟು ಹಿಂದೆ ಉಳಿದರೆ, ಎದುರಿನ ರಸ್ತೆಯೂ ಕಾಣುತ್ತದೆ. ಆಗ ದೀಪವೇ ಬೇಕಾಗಿಲ್ಲ. ಶನಿವಾರದಿಂದ ಇಲ್ಲಿಗೇ ಬಂದು ನಿಲ್ಲುತ್ತೇನೆ. ಕೆಟ್ಟವರಿಂದ ತಪ್ಪಿಸಿಕೊಳ್ಳುವ ಉಪಾಯಗಳನ್ನು ಭಾವನಿಂದ ಹಿಡಿದು ತಂಡದ ಮುಂದಾಳಿನವರೆಗೆ ಎಲ್ಲರೂ ಹೇಳಿಕೊಟ್ಟಿದ್ದರು. ಹಣವನ್ನು ಎರಡು ಕಡೆ ಇಡು, ಸೈನಿಕರ ತಪಾಸಣೆಯಲ್ಲಿ ಹೆಲ್ಮೆಟ್ ತೆಗೆದು ನಮಸ್ಕಾರ ಹೇಳು, ಕೆಟ್ಟು ನಿಂತರೆ 078ಕ್ಕೆ ಕರೆ ಮಾಡು, ‘ಹಸಿರು ದೇವದೂತರು’ ಎಂಬ ಸರ್ಕಾರಿ ಗಾಡಿ ಬರುತ್ತದೆ. ನನ್ನನ್ನು ಕೊಲ್ಲುತ್ತಿದ್ದದ್ದು ಮಾತ್ರ ಟೂತ್‌ಬ್ರಷ್ ಇಟ್ಟುಕೊಂಡ ಈ ಸಭ್ಯ ಮನುಷ್ಯ, ನಿಯಮದಂತೆ ಹಾಕಿದ ಒಂದು ಇಂಡಿಕೇಟರ್.

ಅಂಗಳದೊಳಗಿಂದ ಒಬ್ಬ ಹೆಂಗಸು ಬಂದು ನನ್ನ ಕೈಯಲ್ಲಿ ಒಂದು ಬೊಲಿಯೊ ಬ್ರೆಡ್ ಇಟ್ಟಳು. ಬೆಚ್ಚಿಬಿದ್ದವರು ಅದನ್ನು ತಿನ್ನಬೇಕಂತೆ, ಇಲ್ಲದಿದ್ದರೆ ಹೆದರಿಕೆ ಹೊಟ್ಟೆಯಲ್ಲಿ ಕೂರುತ್ತದಂತೆ. ನಮ್ಮಲ್ಲಾಗಿದ್ದರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಒಣ ಬ್ರೆಡ್ಡು ಗಂಟಲಲ್ಲಿ ಇಳಿಯಲಿಲ್ಲ, ಆದರೂ ಅವಳು ನೋಡುತ್ತಿದ್ದಳೆಂದು ಪೂರ್ತಿ ತಿಂದೆ. ಅಷ್ಟರಲ್ಲಿ ಚಾಲಕರು ಒಂದು ಪೈಪನ್ನು ಲೀವರಿಗೆ ತೂರಿಸಿ ನೆಟ್ಟಗೆ ಮಾಡಿದ್ದರು. ಕನ್ನಡಿಗೆಂದು ಇನ್ನೂರು ಪೆಸೊ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ತಪ್ಪು ಅವರದೆಂದು ಆಗುತ್ತಿತ್ತೇ, ಕೊಟ್ಟಿದ್ದರೆ ನನ್ನದೆಂದು ಆಗುತ್ತಿತ್ತೇ? ಪೊಲೀಸರು ಬಂದರೆ ಇಬ್ಬರನ್ನೂ ಕೂರಿಸುತ್ತಾರೆ ಎಂಬುದಷ್ಟೇ ಇಬ್ಬರಿಗೂ ಗೊತ್ತಿತ್ತು. ಕೈ ಕುಲುಕಿ ಬಿಟ್ಟೆವು.

ಬೆಟ್ಟ ಹತ್ತುವ ಮನಸ್ಸಾಗಲಿಲ್ಲ, ಹಿಂದಿರುಗಿದೆ. ಕಾದೆರೆಯ್ತಾಕ್ಕೆ ಮೊದಲು ಕೋಳಿಯ ಬುಟ್ಟಿಗಳನ್ನು ಹೇರಿದ ಒಂದು ಲಾರಿ ಸಿಕ್ಕಿತು. ಎಡಗಡೆಯ ದೀಪ ಹಾಕಿತು. ಎರಡೂ ಕಡೆ ಕಳ್ಳಿಯ ಬಯಲು, ತಿರುಗಲು ಒಂದು ಕಾಲುದಾರಿಯೂ ಇಲ್ಲ. ನಾನು ಹಿಂದೆಯೇ ಉಳಿದೆ. ದೀಪ ಆರಿತು, ಮತ್ತೆ ಹತ್ತಿತು. ಕೊನೆಗೆ ಕಿಟಕಿಯಿಂದ ಒಂದು ಕೈ ಹೊರಗೆ ಬಂದು ಹೋಗು ಹೋಗು ಎಂದು ಬೀಸಿತು. ಇಲ್ಲಿ ಚಾಲಕ ಕೂರುವುದು ಎಡಗಡೆ, ಆದ್ದರಿಂದ ಎಡಗೈ. ಹಾಗಿದ್ದರೂ ಆ ಕೈ ನನಗೆ ಗುರುತು ಸಿಕ್ಕಿತು.

ಅಪ್ಪ ಲಾರಿ ಓಡಿಸುತ್ತಿದ್ದರು. ತಿಪಟೂರಿನಿಂದ ಮಂಗಳೂರಿಗೆ, ಬರುವಾಗ ಹೆಂಚು. ದಸರೆಯ ರಜೆಯಲ್ಲಿ ಎರಡು ಸಲ ನನ್ನನ್ನೂ ಕ್ಲೀನರಿನ ಪಕ್ಕ ಕೂರಿಸಿಕೊಂಡು ಹೋಗಿದ್ದರು. ಶಿರಾಡಿ ಘಾಟಿಯಲ್ಲಿ, ಮಳೆಯಲ್ಲಿ, ಕಿಟಕಿಯಿಂದ ಆಚೆ ಅವರ ಬಲಗೈ. ಕೂದಲೆಲ್ಲ ಒದ್ದೆಯಾಗಿ ಅಂಟಿಕೊಂಡಿತ್ತು. ಅಂಗೈ ತಿರುಗಿಸಿ ಒಂದು ಸಲ ಬೀಸಿದರೆ ಹಿಂದಿನ ಬಸ್ಸು, ಕಾರು ಸರ್ರನೆ ಮುಂದಕ್ಕೆ ಹೋಗುತ್ತಿದ್ದವು. ಅಷ್ಟು ಜನ ಅಪ್ಪನ ಮಾತು ಕೇಳುತ್ತಾರಲ್ಲ ಎಂದು ನನಗೆ ಹೆಮ್ಮೆ. ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಕೋಳಿಯ ಲಾರಿಯ ಹಿಂದೆ ಎಸೆಕಿಯೆಲ್ ಮೊಂತೆಸ್‌ವರೆಗೂ ಬಂದೆ. ಹೆಲ್ಮೆಟ್ಟಿನ ತುಂಬ ಪುಕ್ಕ. ನನ್ನ ಹಿಂದಿನ ಕಾರುಗಳೆಲ್ಲ ಹಾರನ್ ಬಾರಿಸಿ ನನ್ನನ್ನೂ ಲಾರಿಯನ್ನೂ ದಾಟಿ ಹೋದವು.

ರಾತ್ರಿ ಒಂಬತ್ತಕ್ಕೆ, ಅಲ್ಲಿ ಭಾನುವಾರದ ಬೆಳಿಗ್ಗೆ, ಅಪ್ಪನಿಗೆ ಫೋನ್ ಮಾಡಿದೆ. ಬಿದ್ದವನು ನಾನು ಎಂಬುದನ್ನು ಬಿಟ್ಟು ಉಳಿದದ್ದನ್ನು ಹೇಳಿದೆ. ಬೇರೊಬ್ಬನಿಗೆ ಆದ ಹಾಗೆ. ಅವರು ಮೊದಲು ಕೇಳಿದ್ದೇ “ಎಡಗಡೆ ತಿರುಗಲು ಜಾಗ ಇತ್ತೇ?” ಎಂದು. ನನಗೆ ಮೈ ಜುಮ್ಮೆಂದಿತು. ಲಾರಿಯವರೆಲ್ಲ ಒಂದೇ ಶಾಲೆಯವರು.

“ನೀವು ಘಾಟಿಯಲ್ಲಿ ಕೈ ಬೀಸುತ್ತಿದ್ದಿರಲ್ಲ ಅಪ್ಪ, ಆಗ ಏನು ನೋಡುತ್ತಿದ್ದಿರಿ?”

“ನಾನೆಲ್ಲಿ ಬೀಸುತ್ತಿದ್ದೆ?”

“ಶಿರಾಡಿಯಲ್ಲಿ. ನಾನೇ ನೋಡಿದ್ದೇನೆ.”

“ಘಾಟಿಯಲ್ಲಿ ನಾನು ಯಾವತ್ತೂ ಯಾರಿಗೂ ಕೈ ತೋರಿಸಿದವನಲ್ಲ.”

ಎಪ್ಪತ್ತೊಂಬತ್ತು ವರ್ಷ, ಮರೆತಿರಬಹುದು. ಆದರೆ ಹೋದ ತಿಂಗಳು 1984ರ ಟೈರಿನ ಬೆಲೆ ಹೇಳಿದ ಮನುಷ್ಯ ಇವರು. ಎರಡನೆಯ ಸಲದ ನಂತರ ನನ್ನನ್ನು ಲಾರಿಯಲ್ಲಿ ಕರೆದುಕೊಂಡು ಹೋಗಲಿಲ್ಲ, ಅದಾಗಿ ಒಂದೆರಡು ವರ್ಷಕ್ಕೆ ಲಾರಿಯನ್ನೇ ಮಾರಿ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯಲು ಸೇರಿದರು. ಇದೆಲ್ಲ ಒಂದರ ಪಕ್ಕ ಒಂದು ಬಂದು ನಿಂತದ್ದು ಈ ವಾರವೇ. ಕೇಳಬೇಕೆಂದು ಬಾಯಿ ತೆರೆದೆ. ಅವರು “ಮುಂದಿನ ಬ್ರೇಕ್ ಹಿಡಿದೆಯೋ, ಹಿಂದಿನದೋ?” ಎಂದು ಕೇಳಿದರು. ಬಿದ್ದವನು ಬೇರೊಬ್ಬ ಎಂದು ನಂಬಿರಲಿಲ್ಲ.

“ಎರಡೂ” ಎಂದೆ.

“ಹೂಂ” ಎಂದು ಫೋನನ್ನು ಅಮ್ಮನಿಗೆ ಕೊಟ್ಟರು. ಅಮ್ಮ ದಾರಿಯಲ್ಲಿ ಕಳ್ಳರೇನಾದರೂ ಸಿಕ್ಕರೇ ಎಂದು ಕೇಳಿದಳು. ಯಾರೂ ಸಿಗಲಿಲ್ಲ ಎಂದೆ.