ಬಾಯಿ ತೆರೆದು ಹಾಡುವ ಭಾಗ್ಯ

ಈ ಸಲದ ತೆನೆ ಹಬ್ಬದಲ್ಲಿ ದೇವರು ನನ್ನ ಮನಸ್ಸನ್ನು ಹದವಾಗಿ ಉತ್ತುಬಿಟ್ಟರು. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮದಿನ. ಒಂಬತ್ತು ದಿನಗಳ ಪ್ರಾರ್ಥನೆಯಾದ ನೊವೆನಾ ಮುಗಿದಿತ್ತು, ಮಕ್ಕಳು ತಂದ ಡೇಲಿಯಾ ಹೂಗಳಲ್ಲಿ ಮಾತೆಯ ಪಾದವೇ ಕಾಣುತ್ತಿರಲಿಲ್ಲ. ತೀರ್ಥಹಳ್ಳಿ ಸೀಮೆಯ ನಮ್ಮ ಇಗರ್ಜಿಯ ಹೆಂಚಿನ ಮೇಲೆ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಪ್ರವೇಶ ಗೀತೆ ಶುರುವಾದದ್ದೇ ತಡ, ಹಿಂದಿನ ಬೆಂಚಿನಿಂದ ಯಾರೋ ಹಿರಿಯರ ಒಡಕು ದನಿ ಎದ್ದಿತು. ಶ್ರುತಿಗೆ ಸೇರದು, ತಾಳಕ್ಕೆ ನಿಲ್ಲದು. ಆದರೂ ಆ ದನಿಗೆ ಅಳುಕೆಂಬುದೇ ಇರಲಿಲ್ಲ. ನನಗೆ ದೊಡ್ಡಪ್ಪ ನೆನಪಾಗಿ ಕಣ್ಣು ತುಂಬಿತು.

ದೊಡ್ಡಪ್ಪ ಹಾಡುತ್ತಿದ್ದುದೇ ಹಾಗೆ. ಅಡಿಕೆ ಸುಲಿದು ಕಪ್ಪಾಗಿದ್ದ ಹೆಬ್ಬೆರಳಿನಿಂದ ಬೆಂಚಿನ ಅಂಚಿಗೆ ಬಡಿಯುತ್ತಾ, ಕತ್ತಿನ ನರ ಉಬ್ಬುವಂತೆ ಹಾಡುತ್ತಿದ್ದರು. ಎಲ್ಲರೂ ಅಲ್ಲೆಲೂಯ ಮುಗಿಸಿದ ಮೇಲೂ ಕೊನೆಯ ಅಕ್ಷರವನ್ನು ಅವರೊಬ್ಬರೇ ಎಳೆಯುತ್ತಿದ್ದರು. ಗುರುಗಳು ಅದು ಮುಗಿಯುವವರೆಗೆ ಕಾದು ನಿಂತು ಶುಭಸಂದೇಶ ಓದುತ್ತಿದ್ದರು.

ಅವರ ಬಾಲ್ಯದಲ್ಲಿ ಪೂಜೆ ಲ್ಯಾಟಿನ್‌ನಲ್ಲಿತ್ತು. ಅರ್ಥವಾಗದ ಜನ ಜಪಸರ ಎಣಿಸುತ್ತಾ ಕೂರುತ್ತಿದ್ದರು. 1963ರ ಡಿಸೆಂಬರ್ 4ರಂದು ಕಥೋಲಿಕ ಧರ್ಮಸಭೆಯ ಎರಡನೇ ವ್ಯಾಟಿಕನ್ ಮಹಾಸಭೆಯು ಆರಾಧನಾವಿಧಿಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಭಕ್ತರು ಮೂಕಪ್ರೇಕ್ಷಕರಂತೆ ಇರಬಾರದು ಎಂದೂ ಹೇಳಿತು. "ನಮ್ಮ ಮಾತಿನಲ್ಲೇ ಹಾಡಲು ದೇವರು ಬಿಟ್ಟಿರುವಾಗ ಸುಮ್ಮನೆ ನಿಲ್ಲುವುದು ಹೇಗಪ್ಪಾ?" ಎನ್ನುತ್ತಿದ್ದರು ದೊಡ್ಡಪ್ಪ.

ಕಡೆಯ ಭೋಜನದ ರಾತ್ರಿ ಯೇಸುಸ್ವಾಮಿ ಶಿಷ್ಯರೊಂದಿಗೆ ಸ್ತುತಿಗೀತೆ ಹಾಡಿಯೇ ಓಲಿವ್ ಗುಡ್ಡಕ್ಕೆ ಹೊರಟರು. ಬಲೆ ಎಳೆಯುತ್ತಿದ್ದವರು, ಸುಂಕ ವಸೂಲಿ ಮಾಡಿದವರು ಹಾಡಿದ ಹಾಡು ಅದು! ಇನ್ನು, ದನಿಯೇ ಹೊರಡದವರಿಗೆ ಬೈಬಲಿನ ಹನ್ನಳಿದ್ದಾಳೆ, ಮಗುವಿಗಾಗಿ ದೇವರಲ್ಲಿ ಮೊರೆಯಿಟ್ಟವಳು. ಅವಳ ತುಟಿ ಮಾತ್ರ ಅಲುಗುವುದನ್ನು ಕಂಡು ಯಾಜಕ ಏಲಿ ಅವಳು ಕುಡಿದಿದ್ದಾಳೆಂದೇ ತಿಳಿದ. ದೇವರಿಗೆ ಮಾತ್ರ ಎಲ್ಲವೂ ಕೇಳಿಸಿತು, ಸಮುವೇಲನನ್ನೇ ಅವಳ ಮಡಿಲಿಗಿಟ್ಟರು.

ಈಗ ಕೀಬೋರ್ಡ್ ಬಂದಿದೆ, ಮೈಕ್ ಬಂದಿದೆ, ಮಕ್ಕಳು ಚೆನ್ನಾಗಿ ಕಲಿತು ಹಾಡುತ್ತಾರೆ, ಸಂತೋಷ. ಆದರೆ ಬೆಂಚುಗಳಲ್ಲಿ ಬಾಯಿಗಳು ಮುಚ್ಚಿವೆ. "ನನಗೆ ಹಾಡಲು ಬರುವುದಿಲ್ಲ" ಎನ್ನುವವರನ್ನು ಕಂಡಾಗ ಸಂಕಟವಾಗುತ್ತದೆ. ಪೀಠದ ಮುಂದೆ ತೆನೆ ಇಡುವಾಗ ಜೊಳ್ಳನ್ನು ಆರಿಸಿ ತೆಗೆಯುವವರುಂಟೇ? ಗದ್ದೆಯಲ್ಲಿ ಬಂದದ್ದನ್ನು ಬಂದ ಹಾಗೆಯೇ ತರುತ್ತೇವೆ. ಗುರುಗಳು ಅದರ ಮೇಲೆಯೇ ತೀರ್ಥ ಚಿಮುಕಿಸುತ್ತಾರೆ, ಅದರದೇ ಹೊಸ ಅಕ್ಕಿ ಮನೆಯ ಪಾಯಸಕ್ಕೆ ಬೀಳುತ್ತದೆ.

ಹಾಗಾಗಿ ಬರುವ ಭಾನುವಾರ ಮಹಿಮಾ ಗೀತೆಗೆ ದಯವಿಟ್ಟು ಬಾಯಿ ತೆರೆಯಿರಿ. ಗಾಯನ ಮಂಡಳಿಯ ಮಕ್ಕಳಲ್ಲೂ ಒಂದು ಕೋರಿಕೆ: ಶ್ರುತಿಯನ್ನು ಒಂದು ಮನೆ ಕೆಳಗಿಳಿಸಿ, ಮೈಕನ್ನು ತುಸು ತಗ್ಗಿಸಿ. ಹಿಂದಿನ ಬೆಂಚಿನ ಅಜ್ಜಂದಿರ ದನಿಯೂ ಪೀಠದವರೆಗೆ ಬರಲಿ.